ರೋಣದಲ್ಲಿ ಬ್ಯಾಟ್ರಿ ಮಾರುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮಸೂರಗಳನ್ನು ಎಣಿಸುತ್ತಿದ್ದೆ. ನರಗುಂದದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಸಹಾಯಕ. ವರ್ಷಕ್ಕೊಮ್ಮೆ ಅಲ್ಲಿಯ ಸಾಮಾನುಗಳನ್ನೆಲ್ಲ ಎಣಿಸಿ ಪಟ್ಟಿ ಮಾಡಿ ಕೊಡಬೇಕು. ಪೀನ ಮಸೂರ ಹತ್ತೊಂಬತ್ತು, ಅದರಲ್ಲಿ ಅಂಚು ಒಡೆದವು ನಾಲ್ಕು. ಅಷ್ಟರಲ್ಲಿ ಫೋನು ಬಂತು.

"ಬ್ಯಾಟ್ರಿ ಮಾಸ್ತರೇನ್ರಿ?" ಎಂದರು ಒಬ್ಬ ಹೆಣ್ಣುಮಗಳು.

ನನ್ನನ್ನು ಹಾಗೆ ಕರೆಯುವವರು ಲೋಕದಲ್ಲಿ ಒಬ್ಬರೇ. ಅವರ ಫೋನಿನಲ್ಲಿ ನನ್ನ ಹೆಸರು ಹಾಗೇ ಇತ್ತೆಂದು ಕಾಣುತ್ತದೆ. ಹೌದು ಎಂದೆ.

"ನಾ ಅವರ ಮಗಳ್ರಿ, ಗಜೇಂದ್ರಗಡದಾಕಿ. ಅಪ್ಪಾರು ಹೋದ್ರು. ನಿನ್ನೆ ಮುಂಜಾನೆ ಚಾ ಕುಡದು ಮತ್ತೊಂದೀಟು ಮಕ್ಕೋತೀನಿ ಅಂತ ಮಕ್ಕೊಂಡ್ರು. ಏಳಲಿಲ್ಲ. ಫೋನಿನ್ಯಾಗ ಹೆಸರು ಇದ್ದೋರಿಗೆಲ್ಲ ಹೇಳಾಕತ್ತೀನ್ರಿ."

ನಾನು "ಹೌದಾ" ಎಂದೆ. ಆಕೆ ಫೋನು ಇಟ್ಟರು. ಕೈಯಲ್ಲಿದ್ದ ಗಾಜು ಜಾರಿ ಬಿತ್ತು ಎಂದು ಬರೆದರೆ ಇಲ್ಲಿ ಚೆನ್ನಾಗಿ ಕೂರುತ್ತದೆ. ಬೀಳಲಿಲ್ಲ. ನಾನು ಪ್ರಿಸಂಗಳನ್ನು ಎಣಿಸಿದೆ. ಹನ್ನೊಂದು ಇದ್ದವು. ಎಣಿಕೆ ತಪ್ಪಲಿಲ್ಲ.

ಅವರ ಬಗ್ಗೆ ಬರೆಯಲು ನನಗೆ ಇರುವ ಕಾರಣ ಒಂದೇ. ನಾನು ಮಾಡಿದ ಒಂದು ತಪ್ಪು ಅವರ ಹೆಸರಿನಲ್ಲಿ ಉಳಿದುಕೊಂಡಿದೆ. ಅದನ್ನು ಅವರೇ ಎತ್ತಿಕೊಂಡರು, ನಾನು ಎತ್ತಿಕೊಳ್ಳಲು ಬಿಟ್ಟೆ. ಉಳಿದದ್ದೆಲ್ಲ, ಅವರ ನಗು, ಮಾತು, ಅಂಗಡಿ, ಇದರ ಸುತ್ತ ಬೆಳೆದದ್ದು. ಅದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಆಮೇಲೆ ತುಂಬಿಕೊಂಡದ್ದು ಎಂಬುದು ನನಗೇ ಖಚಿತವಿಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಹೆಸರು ಬರೆಯುವುದಿಲ್ಲ. ರೋಣದ ಬಸ್ ನಿಲ್ದಾಣದ ಹತ್ತಿರ ಒಂದು ಕಟ್ಟಡದ ಮೆಟ್ಟಿಲಿನ ಕೆಳಗೆ ಅವರ ಅಂಗಡಿ. ಬೋರ್ಡು ಇರಲಿಲ್ಲ. ಬೀಗ-ಕೀಲಿ, ಛತ್ರಿ, ಇಲಿ ಬೋನು, ಮುಖ್ಯವಾಗಿ ಬ್ಯಾಟ್ರಿ. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎನ್ನುತ್ತೇವೆ, ಒಳಗೆ ಹಾಕುವುದು ಸೆಲ್. ಮೆಟ್ಟಿಲಿನ ಇಳಿಜಾರಿಗೆ ತಕ್ಕಂತೆ ಅವರು ಅಂಗಡಿಯೊಳಗೆ ಯಾವಾಗಲೂ ಸ್ವಲ್ಪ ಬಗ್ಗಿ ನಿಲ್ಲುತ್ತಿದ್ದರು. ಹೊರಗೆ ಬಂದಾಗಲೂ ಹಾಗೇ ಬಗ್ಗಿಯೇ ಇರುತ್ತಿದ್ದರು. ಗಿರಾಕಿಗಳು ಅವರನ್ನು ಸಾವಕಾರ್ರ ಎನ್ನುತ್ತಿದ್ದರು, ನಾನು ಕಾಕಾ ಎನ್ನುತ್ತಿದ್ದೆ.

ಮೊದಲ ಭೇಟಿ ನೆನಪಿಲ್ಲ. ತಂಗಿಯ ಮನೆ ರೋಣದಲ್ಲಿದೆ, ಅಲ್ಲಿಗೆ ಹೋದಾಗ ಮಳೆ ಬಂದು ಛತ್ರಿ ಕೊಳ್ಳಲು ನಿಂತೆ ಎಂದು ಒಂದು ನೆನಪು. ಮಳೆಯೇ ಇರಲಿಲ್ಲ, ನನ್ನ ಒಂದು ದುಬಾರಿ ಬ್ಯಾಟ್ರಿಗೆ ಸೆಲ್ ಹುಡುಕುತ್ತ ಹೋದೆ ಎಂದು ಇನ್ನೊಂದು. ಎರಡರಲ್ಲೂ ಅವರು ಒಂದೇ ಮಾತು ಹೇಳುತ್ತಾರೆ: "ಒಳಗ ಬಾಗಿ ಬರ್ರಿ ಮಾಸ್ತರ, ತಲಿ ಬಡೀತೈತಿ." ನಾನು ಮಾಸ್ತರನಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಬಿಡಲಿಲ್ಲ. "ಮಾಸ್ತರಿಗೆ ಸಾಮಾನ ಎತ್ತಿ ಕೊಡಾಂವ ಮಾಸ್ತರನ" ಎನ್ನುತ್ತಿದ್ದರು.

ಅವರಲ್ಲಿ ಬ್ಯಾಟ್ರಿ ಕೊಳ್ಳುವುದು ಸುಲಭವಿರಲಿಲ್ಲ. ಬಂದವರು ಗುಂಡಿ ಒತ್ತಿ, ಎಲ್ಲರೂ ಮಾಡುವಂತೆ ಮೊದಲು ತಮ್ಮ ಕಣ್ಣಿಗೇ ಬಿಟ್ಟುಕೊಂಡು, ಆಮೇಲೆ ಎದುರಿನ ಹೋಟೆಲಿನ ಗೋಡೆಗೆ ಬಿಡುತ್ತಿದ್ದರು. ಬಿಸಿಲಿನಲ್ಲಿ ಏನೂ ಕಾಣುತ್ತಿರಲಿಲ್ಲ. ಆಗ ಅವರು ಗಲ್ಲೆಯ ಕೆಳಗಿನಿಂದ ಒಂದು ಕರಿ ಕಂಬಳಿ ತೆಗೆದು ತಮ್ಮ ತಲೆಯ ಮೇಲೂ ಗಿರಾಕಿಯ ತಲೆಯ ಮೇಲೂ ಹೊದಿಸುತ್ತಿದ್ದರು. ಹೆಣ್ಣುಮಕ್ಕಳಾದರೆ ಕಂಬಳಿಯನ್ನು ಅವರ ಕೈಗೇ ಕೊಟ್ಟು ಹೊರಗೆ ನಿಂತು ಕೇಳುತ್ತಿದ್ದರು. ಹಾದಿಯಲ್ಲಿ ಹೋಗುವವರಿಗೆ ಕಾಣುವುದು ಒಂದು ಕಂಬಳಿ, ಅದರ ಕೆಳಗೆ ನಾಲ್ಕು ಕಾಲು, ಒಳಗಿನಿಂದ ಮಾತು.

"ಅಂಗೈ ನೋಡ್ಕೋರಿ. ಗೆರಿ ಕಾಣ್ತಾವ?"

"ಕಾಣ್ತಾವ್ರಿ."

"ಕೈ ಯಾವ ಬಣ್ಣ ಐತಿ?"

"ನೀಲಿ ಆಗೇತ್ರಿ. ಹೆಣದ ಕೈಯಂಗ ಕಾಣ್ತೈತಿ."

"ಹಂಗಾರ ಇದು ಬ್ಯಾಡ. ಕೈ ಕೈಯಂಗ ಕಾಣ್ಬೇಕು. ಹಾವೂ ಮಣ್ಣೂ ಒಂದ ಬಣ್ಣ ಕಂಡ್ರ ಏನ್ ಮಾಡ್ತೀರಿ?"

ಹೊರಗೆ ಬಾಳೆಹಣ್ಣಿನ ಗಾಡಿಯವನು ಕೂಗುತ್ತಿದ್ದ: "ಲಗೂ ಅಂತರಪಟಾ ಸರಸ್ರಿ ಸಾವಕಾರ್ರ, ಅಕ್ಕಿಕಾಳ ಹಾಕ್ತೀವಿ!"

ಕಂಬಳಿಯೊಳಗಿನಿಂದ ಅವರು: "ನೀ ಮೊದಲ ಹಣ್ಣ ಹಂಚೋ ಮಾರಾಯ, ಆಮ್ಯಾಲೆ ಅಕ್ಕಿಕಾಳ."

ಅವರು ತೀರಿಕೊಂಡ ಮೇಲೆ ನಾನು ಗಜೇಂದ್ರಗಡಕ್ಕೆ ಮಗಳ ಮನೆಗೆ ಮಾತಾಡಿಸಲು ಹೋದಾಗ ಈ ಕಂಬಳಿಯ ಮಾತು ತೆಗೆದೆ. ಆಕೆ ಅಳುತ್ತಿದ್ದವರು ನಕ್ಕರು. "ಕಂಬಳಿ ಎಲ್ಲೀದ್ರಿ? ಅದು ನಮ್ಮವ್ವನ ಜಮಖಾನಿ. ಕೆಂಪು-ಹಸರು ಪಟ್ಟೀದು. ನಮ್ಮನ್ಯಾಗ ಕಂಬಳಿ ಇರಲೇ ಇಲ್ಲ, ಅಪ್ಪಾರಿಗೆ ಉಣ್ಣಿ ಕಂಡ್ರ ಸೀನು ಬರ್ತಿದ್ವು." ಪಟ್ಟೆಯ ಜಮಖಾನೆಯೊಳಗೆ ಅಷ್ಟು ಕತ್ತಲು ಹೇಗೆ ಇರುತ್ತದೆ? ಆದರೆ ಸುಳ್ಳು ಹೇಳಲು ಆಕೆಗೆ ಕಾರಣವಿಲ್ಲ. ನನ್ನ ಮೂಗಿನಲ್ಲಿ ಉಣ್ಣೆಯ ವಾಸನೆ ಇನ್ನೂ ಇದೆ. ಎಲ್ಲಿಂದ ಬಂತೋ ತಿಳಿಯದು. ಮೇಲೆ ಬರೆದದ್ದನ್ನು ತಿದ್ದುವುದಿಲ್ಲ. ಓದುವವರು ಬೇಕಿದ್ದರೆ ಅಲ್ಲಿ ಜಮಖಾನೆ ಹೊದಿಸಿಕೊಳ್ಳಲಿ.

ಎಲ್ಲ ಗಿರಾಕಿಗಳೂ ಕೇಳುವ ಪ್ರಶ್ನೆ ಒಂದೇ: "ಎಷ್ಟು ದೂರ ಹೊಡೀತೈತ್ರಿ?"

ಅವರ ಉತ್ತರವೂ ಒಂದೇ: "ನಿಮ್ಮ ಕಾಲು ನಿಮ್ಮಿಂದ ಎಷ್ಟು ದೂರ ಅದಾವ?"

ಆಮೇಲೆ ಅವರು ಕೇಳುತ್ತಿದ್ದದ್ದು: "ಇದೊಂದು ಕೈಯಾಗ ಬ್ಯಾಟ್ರಿ ಹಿಡದ್ರಿ. ಇನ್ನೊಂದು ಕೈಯಾಗ ಏನ್ ಹಿಡೀತೀರಿ?" ಸಲಿಕೆ ಎಂದರೆ ಒಂದು ತರಹದ್ದು ಕೊಡುತ್ತಿದ್ದರು, ಕೂಸು ಎಂದರೆ ಇನ್ನೊಂದು. ಸಲಿಕೆ ಹಿಡಿಯುವವರಿಗೆ ಎರಡೂ ಕೈ ಬೇಕಾಗುತ್ತದೆಂದು ಬ್ಯಾಟ್ರಿಯ ಬಾಲಕ್ಕೆ ಲಾಡಿ ಕಟ್ಟಿ ಕೊರಳಿಗೆ ಹಾಕಿ ಕಳಿಸುತ್ತಿದ್ದರು. ಬೆಳಕು ಒಂದೇ ಕಡೆ ಚುಚ್ಚುವಂತೆ ಬಿದ್ದರೆ, ಹಾಲಿನ ಪಾಕೀಟಿನಿಂದ ಒಂದು ತುಂಡನ್ನು ದುಂಡಗೆ ಕತ್ತರಿಸಿ ಗಾಜಿನ ಒಳಗೆ ಕೂರಿಸುತ್ತಿದ್ದರು. ಆಗ ಬೆಳಕು ಕಾಲ ಸುತ್ತ ಹರಡುತ್ತಿತ್ತು. ಅಂಥ ಒಂದನ್ನು ನಾನು ಪ್ರಯೋಗಾಲಯಕ್ಕೆ ಒಯ್ದು ಅಳೆದು ನೋಡಿದ್ದೆ. ದೂರ ಕಡಿಮೆಯಾಗಿತ್ತು, ಹರವು ಹೆಚ್ಚಾಗಿತ್ತು. ದುಬಾರಿ ಬ್ಯಾಟ್ರಿಗಳಲ್ಲಿ ಇದಕ್ಕೆಂದೇ ಬೇರೆ ಗಾಜು ಮಾಡಿ ಮಾರುತ್ತಾರೆ.

ಎಲ್ಲರಿಗೂ ಹೀಗೆ ಬುದ್ಧಿ ಹೇಳುತ್ತಿದ್ದರು ಎಂದಲ್ಲ. ಗಜೇಂದ್ರಗಡದ ಸಂತೆಗೆ ಅವರು ತಾಡಪಾಲು ಹಾಸಿ ಕೂತಾಗ ನಾನೂ ಒಮ್ಮೆ ಪಕ್ಕದಲ್ಲಿದ್ದೆ. ದಲಾಲಿಯ ಅಡತಿ ಅಂಗಡಿಯ ಸಾವಕಾರರೊಬ್ಬರು ಎಲ್ಲಕ್ಕಿಂತ ಉದ್ದನೆಯ ಬ್ಯಾಟ್ರಿ ಎತ್ತಿಕೊಂಡು, ನಡುಹಗಲಿನಲ್ಲಿ ಗುಡ್ಡದ ಕೋಟೆಯ ಕಡೆ ಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿದರು.

"ಮುಟ್ಟತೇನ್ರಿ?" ಎಂದು ಕೇಳಿದರು.

"ಮುಟ್ಟತ್ರಿ" ಎಂದರು ನಮ್ಮವರು. "ಗುಡ್ಡಾ ಒಂದೀಟು ಹಿಂದ ಸರದಂಗಾತು."

ಅಡತಿ ಸಾವಕಾರರು ತೃಪ್ತಿಯಿಂದ ಒಯ್ದರು. ನಾನು ಕೇಳಿದೆ, ಅವರಿಗೆ ಯಾಕೆ ನಿಮ್ಮ ಪ್ರಶ್ನೆ ಕೇಳಲಿಲ್ಲ ಎಂದು. "ಅವರು ಎಲ್ಲಿ ನಡೀತಾರ ಮಾಸ್ತರ? ಕಾರಿನ್ಯಾಗ ಇಟಗೋತಾರ. ಗುಡ್ಡಕ್ಕ ಬಿಟ್ಟ ಖುಷಿ ಪಡ್ಲಿ. ಖುಷೀನೂ ಒಂದು ಕೆಲಸನ."

ಆ ಮಾತು ನನಗೂ ತಗಲುತ್ತಿತ್ತು. ನಾನು ಬ್ಯಾಟ್ರಿಗಳ ಹುಚ್ಚು ಹಿಡಿದವನು. ಮನೆಯ ಕಪಾಟಿನಲ್ಲಿ ಹದಿನಾರು ಇವೆ. ಎಷ್ಟು ಲ್ಯೂಮೆನ್, ಯಾವ ಎಲ್ಇಡಿ, ಎಷ್ಟು ಹೊತ್ತಿಗೆ ಬಿಸಿಯಾಗುತ್ತದೆ ಎಂದೆಲ್ಲ ಬರೆದಿಟ್ಟಿದ್ದೇನೆ. ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ: "ಹದಿನಾರು ಬ್ಯಾಟ್ರಿ ಅದಾವ್ರಿ. ಕರೆಂಟ್ ಹೋತಂದ್ರ ಮೊಬೈಲ್ ಹಚ್ಚತಾರ." ಲೋಕದ ತುಂಬ ನನ್ನಂಥವರಿದ್ದಾರೆ. ಅಂತರ್ಜಾಲದಲ್ಲಿ ಒಂದೇ ಮರಕ್ಕೆ ಹತ್ತು ಬ್ಯಾಟ್ರಿ ಬಿಟ್ಟು ಹತ್ತು ಫೋಟೊ ಹಾಕಿ, ಯಾವುದು ಹೆಚ್ಚು ಎಂದು ದಿನಗಟ್ಟಲೆ ವಾದಿಸುತ್ತೇವೆ. ಅದನ್ನು ಅವರಿಗೆ ಫೋನಿನಲ್ಲಿ ತೋರಿಸಿದೆ.

"ಆ ಗಿಡಾ ನೋಡಿ ಏನ್ ಮಾಡ್ತಾರ?"

"ಏನೂ ಮಾಡೂದಿಲ್ರಿ."

"ಮತ್ತ ಯಾಕ ಬಿಡ್ತಾರ?"

"ಬೆಳಕ ನೋಡಾಕ."

ಅವರು ನಗಲಿಲ್ಲ. "ಬೆಳಕ ನೋಡಾಕ" ಎಂದು ತಮ್ಮಷ್ಟಕ್ಕೆ ಒಮ್ಮೆ ಅಂದುಕೊಂಡರು. "ಚಲೋ ಐತಿ. ನಮ್ಮಲ್ಲೆ ಬೆಳಕ ನೋಡಾಕ ಯಾರೂ ಬರೂದಿಲ್ಲ. ಬೆಳಕಿಲೇ ಏನರೆ ನೋಡಾಕ ಬರ್ತಾರ."

ಈಗ ಆ ತಪ್ಪಿನ ಮಾತು.

ಅವರ ಅಂಗಡಿಯ ಬ್ಯಾಟ್ರಿಗಳು ಅಗ್ಗದವು. ಹಗುರ ಪ್ಲಾಸ್ಟಿಕ್ಕು, ಬಹಳಷ್ಟಕ್ಕೆ ನೀಲಿ ಬೆಳಕು, ಒಂದು ಮಳೆಗಾಲ ಕಳೆದರೆ ಗುಂಡಿ ಕೆಡುತ್ತಿತ್ತು. ನನಗೆ ಅವು ಕಂಡರೆ ಕಸಿವಿಸಿ. ಅಷ್ಟು ತಿಳಿದ ಮನುಷ್ಯ ಇಂಥ ಸಾಮಾನು ಮಾರುವುದೇ ಎನ್ನಿಸುತ್ತಿತ್ತು. ಈಗ ಒಳ್ಳೆಯ ಬ್ಯಾಟ್ರಿಗಳೂ ಎಲ್ಲರ ಕೈಗೆಟಕುವ ಹಾಗೆ ಬಂದಿವೆ, ಚಾರ್ಜ್ ಮಾಡುವ ಸೆಲ್ಲಿನವು, ಲೋಹದ ಮೈಯವು, ಒಂದು ಡಜನ್ ತರಿಸೋಣ ಎಂದು ಬೆನ್ನು ಹತ್ತಿದೆ. ಅವರು ತಿಂಗಳುಗಟ್ಟಲೆ ಆಗಲಿ ನೋಡೋಣ ಎಂದರು. ಕೊನೆಗೆ ನೀವೇ ಆರಿಸಿರಿ ಎಂದರು.

ನಾನು ಆರಿಸಿದೆ. ಎರಡು ಮಾದರಿಗಳ ನಡುವೆ ಒಂದನ್ನು ಆರಿಸಬೇಕಿತ್ತು. ಒಂದಕ್ಕೆ ಗುಂಡಿಯ ಪಕ್ಕ ಸಣ್ಣ ಕೆಂಪು ದೀಪ ಇತ್ತು, ಸೆಲ್ ಮುಗಿಯುತ್ತ ಬಂದಾಗ ಅದು ಹತ್ತುತ್ತದೆ. ಇನ್ನೊಂದಕ್ಕೆ ಆ ದೀಪವಿಲ್ಲ, ಆದರೆ ಬೆಳಕು ಹೆಚ್ಚು, ಬಣ್ಣ ಒಳ್ಳೆಯದು. ನಾನು ಎರಡನೆಯದನ್ನು ಆರಿಸಿದೆ. ಅದನ್ನು ಕಂಬಳಿಯೊಳಗೆ ಹಚ್ಚಿದಾಗ ಅವರ ಅಂಗೈ ನಿಜವಾದ ಅಂಗೈಯಂತೆ ಕಂಡಿತು. ಗೆರೆಗಳಲ್ಲಿ ಸೇರಿಕೊಂಡ ಬೀಗದ ಎಣ್ಣೆ ಕೂಡ ಕಂಡಿತು.

"ಇದು ಮುಗಿಯೂದು ಹೆಂಗ ಗೊತ್ತಾಕ್ಕೈತಿ ಮಾಸ್ತರ?" ಎಂದು ಅವರು ಕೇಳಿದರು.

"ಮುಗಿಯೋತನಕ ಒಂದ ಸಮ ಉರೀತೈತಿ ಕಾಕಾ. ಕಡಿಮಿ ಆಗೂದ ಇಲ್ಲ. ಅದ ಇದರ ಹೆಚ್ಚುಗಾರಿಕಿ."

"ಒಂದ ಸಮ" ಎಂದರು ಅವರು.

ಈ ಪ್ರಶ್ನೆಯನ್ನು ಅವರು ನಿಜವಾಗಿ ಕೇಳಿದ್ದರೋ ಇಲ್ಲವೋ. ಕೇಳಿದ್ದರೆ ನನ್ನ ತಪ್ಪು ದೊಡ್ಡದಾಗುತ್ತದೆ. ಒಮ್ಮೊಮ್ಮೆ ನಾನು ಅದನ್ನು ದೊಡ್ಡದು ಮಾಡಿಕೊಳ್ಳಲೆಂದೇ ಈ ಪ್ರಶ್ನೆಯನ್ನು ಅವರ ಬಾಯಿಗೆ ಹಾಕಿದೆನೇ ಎಂಬ ಸಂಶಯವಿದೆ. ಆದರೆ "ಒಂದ ಸಮ" ಎಂದು ಅವರು ಅಂದ ಧ್ವನಿ ಕಿವಿಯಲ್ಲಿದೆ. ಅದನ್ನು ಕಟ್ಟಿಕೊಳ್ಳುವಷ್ಟು ಜಾಣತನ ನನಗಿಲ್ಲ.

ಅಗ್ಗದ ಬ್ಯಾಟ್ರಿ ಸಾಯುವಾಗ ಹೇಳಿ ಸಾಯುತ್ತದೆ. ಸೆಲ್ ವೀಕ್ ಆದಂತೆ ಬೆಳಕು ಮಬ್ಬಾಗುತ್ತ ಹೋಗುತ್ತದೆ. ಬಲ್ಬಿನ ಕಾಲದಲ್ಲಿ ಅದು ಹಳದಿಯಾಗುತ್ತಿತ್ತು. ಎಲ್ಇಡಿ ಹಳದಿಯಾಗುವುದಿಲ್ಲ, ಆದರೂ ಹೊಲಕ್ಕೆ ಹೋಗುವವರು ಇನ್ನೂ "ಹಳದಿ ಆತು, ಹೊಳ್ಳೂಣು" ಎನ್ನುತ್ತಾರೆ. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ನೀರು ಹಾಯಿಸಲು ಹೋದವರು ಬೆಳಕು ಮಬ್ಬಾದದ್ದನ್ನು ನೋಡಿ ಮನೆಯ ಹಾದಿ ಹಿಡಿಯುತ್ತಾರೆ. ಅವರಿಗೆ ಅದು ಕೊರತೆಯಲ್ಲ, ಸಮಯ ತೋರಿಸುವ ಗುರುತು. ನಮ್ಮಂಥ ಹುಚ್ಚರಿಗೆ ಅದೇ ದೊಡ್ಡ ಕೊರತೆ. ಕೊನೆಯ ಕ್ಷಣದವರೆಗೆ ಪೂರ್ತಿ ಬೆಳಕು ಕೊಟ್ಟು ಒಮ್ಮೆಲೇ ಆರಿಹೋಗುವ ಬ್ಯಾಟ್ರಿಯನ್ನು ನಾವು ಹೊಗಳುತ್ತೇವೆ. ಅದನ್ನು ಇಟ್ಟುಕೊಂಡು ನಾವು ಎಲ್ಲಿಗೂ ಹೋಗುವುದಿಲ್ಲ.

ಹನ್ನೆರಡು ಬ್ಯಾಟ್ರಿಗಳೂ ಹದಿನೈದು ದಿನದೊಳಗೆ ಮಾರಿಹೋದವು. ಸವಡಿಗೆ ಹೋದವು, ಬೆಳವಣಕಿಗೆ ಹೋದವು. ಒಂದು ಜಕ್ಕಲಿಗೆ ಹೋಯಿತು.

ಜಕ್ಕಲಿಯ ಆ ರೈತ ಉಳ್ಳಾಗಡ್ಡಿಗೆ ನೀರು ಬಿಡಲು ಹೋಗಿದ್ದ. ಬೆಳಕು ಪೂರ್ತಿ ಇತ್ತು. ಬೆಳಕು ಪೂರ್ತಿ ಇದ್ದರೆ ಸೆಲ್ಲೂ ಪೂರ್ತಿ ಇವೆ ಎಂದು ತಿಳಿದ. ಎರಡು ದಿನದಿಂದ ಚಾರ್ಜ್ ಮಾಡಿರಲಿಲ್ಲ. ಕೃಷಿ ಹೊಂಡದ ದಂಡೆಯ ಮೇಲೆ ನಡೆಯುತ್ತಿದ್ದಾಗ ಬೆಳಕು ಆರಿತು. ಅಷ್ಟು ಬೆಳಕಿನಿಂದ ಒಮ್ಮೆಲೇ ಕತ್ತಲಿಗೆ ಬಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ನಿಂತಲ್ಲೇ ನಿಲ್ಲಬೇಕು. ಆತ ಇನ್ನೊಂದು ಹೆಜ್ಜೆ ಹಾಕಿದ. ಒದ್ದೆಯಾದ ಎರೆ ಮಣ್ಣು ಸಾಬೂನಿನಂತೆ. ಹೊಂಡದಲ್ಲಿ ನೀರು ಹೆಚ್ಚಿರಲಿಲ್ಲ, ಅದಕ್ಕೇ ಉಳಿದ. ಮೊಣಕಾಲು ಕಲ್ಲಿಗೆ ಬಡಿದು ಒಡೆಯಿತು. ಬೆಳಗಾದ ಮೇಲೆ ಪಕ್ಕದ ಹೊಲದವರು ನೋಡಿ ದವಾಖಾನೆಗೆ ಒಯ್ದರು.

ಈ ಸುದ್ದಿ ನಮಗೆ ತಿಳಿದದ್ದು ಅವನ ಅಣ್ಣನಿಂದ. ಅಂದು ನಾನು ಅಂಗಡಿಯಲ್ಲಿ ಸ್ಟೂಲಿನ ಮೇಲೆ ಚಹ ಕುಡಿಯುತ್ತ ಕೂತಿದ್ದೆ. ಅಣ್ಣ ಬಂದು ಆ ಬ್ಯಾಟ್ರಿಯನ್ನು ಗಲ್ಲೆಯ ಮೇಲೆ ಇಟ್ಟ. ಒಗೆಯಲಿಲ್ಲ, ಇಟ್ಟ. ಮೇಲೆ ಕೆಸರು ಒಣಗಿತ್ತು.

"ಎಂಥಾದ್ ಕೊಟ್ರಿ ಸಾವಕಾರ್ರ ಇದು? ಮಬ್ಬ ಆಗಲಿಲ್ಲಂತ. ಒಂದ ಚೂರು ಮಬ್ಬ ಆಗಿದ್ರ ಹೊಳ್ಳಿ ಬರ್ತಿದ್ದ ನಮ್ಮ ತಮ್ಮ. ನಿಮ್ಮಪ್ಪನ ಕಾಲದಿಂದ ನಿಮ್ಮಲ್ಲೇ ಒಯ್ಯಾಕತ್ತೀವಿ. ಇಂಥಾದ್ ಯಾರ್ ತರ್ಸಂದ್ರು ನಿಮಗ?"

ಅವರು ಬ್ಯಾಟ್ರಿಯನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಕೆಸರು ಕೆರೆದರು. ನನ್ನ ಕಡೆ ನೋಡಲಿಲ್ಲ.

"ಯಾರೂ ಅನ್ಲಿಲ್ಲೋ ತಮ್ಮಾ" ಎಂದರು. "ನಾನ ಆರಿಸಿ ತರಿಸೀನಿ. ತಪ್ಪು ನಂದ."

"ನಿಮಗ ತಿಳೀಬಾರದೇನ್ರಿ? ಇಷ್ಟ ವರ್ಷ ಇದನ್ನ ಮಾರೀರಿ."

"ತಿಳೀಬೇಕಿತ್ತು."

ನಾನು ಬಾಯಿ ತೆರೆದೆ, ಏನೋ ಹೇಳಲು ಹೋದೆ, ಅಷ್ಟರಲ್ಲಿ ಅಣ್ಣ ಹೊರಟುಬಿಟ್ಟ ಎಂದು ನನಗೆ ನೆನಪು. ಆ ನೆನಪನ್ನು ನಾನು ನಂಬುವುದಿಲ್ಲ. ಅದು ನನಗೆ ತೀರ ಅನುಕೂಲವಾಗಿದೆ. ನನ್ನ ಕೈಯಲ್ಲಿ ಚಹದ ಕಪ್ಪು ಇತ್ತು, ಅದು ಖಾಲಿಯಾಯಿತು. ಚಹ ಖಾಲಿಯಾಗಬೇಕಾದರೆ ನಾನು ಕುಡಿದಿರಬೇಕು. ಕುಡಿಯುವಾಗ ಬಾಯಿ ಮಾತಿಗೆ ತೆರೆದಿರುವುದಿಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ.

ಮರುದಿನದಿಂದ ಅವರು ಉಳಿದ ಹನ್ನೊಂದನ್ನು ವಾಪಸು ತರಲು ಹೊರಟರು. ಯಾರು ಒಯ್ದಿದ್ದಾರೆಂದು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಇನ್ನೊಂದು ಕೈಯಲ್ಲಿ ಯಾರು ಏನು ಹಿಡಿಯುತ್ತಾರೆಂಬುದರ ಮೇಲೆ ನೆನಪಿಟ್ಟಿದ್ದರು. ಸವಡಿಯ ಕೊಡ, ಬೆಳವಣಕಿಯ ಎಮ್ಮೆ ಹಗ್ಗ. ಚೀಲದ ತುಂಬ ಹಳೆಯ ತರಹದ ಪ್ಲಾಸ್ಟಿಕ್ ಬ್ಯಾಟ್ರಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರು. ಬೆಳವಣಕಿಗೆ ನಾನೂ ಹೋದೆ. ಅವರು ಕರೆಯಲಿಲ್ಲ, ನಾನೇ ಹೋದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತು, "ಕಾಕಾ, ಅಂದು ನಾನು ಹೇಳಬೇಕಿತ್ತು" ಎಂದೆ.

"ಕಿಡಕಿ ಹಾಕ್ರಿ ಮಾಸ್ತರ" ಎಂದರು. "ಧೂಳ ಬರಾಕತ್ತೈತಿ."

ಕಿಟಕಿ ಹಾಕಿದೆ. ಮತ್ತೆ ಆ ಮಾತು ಬರಲಿಲ್ಲ. ಅಂದಿಗೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಬೆಳವಣಕಿಯ ಎಮ್ಮೆ ಹಗ್ಗದವಳು ಗಟ್ಟಿ ಹೆಂಗಸು. ಬ್ಯಾಟ್ರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಕೊಡೂದಿಲ್ಲ ನೋಡ್ರಿ ಕಾಕಾ. ಹಗಲ ಆದಂಗ ಆಕ್ಕೈತಿ ಕೊಟ್ಟಿಗ್ಯಾಗ. ಎಮ್ಮಿ ಈಯೂವಾಗ ಇದರಾಗ ನೋಡೀನಿ ನಾ, ಕರದ ಗೊರಸ ಎಷ್ಟ ಚಂದ ಕಂಡ್ವು! ನೀವು ಆ ಪ್ಲಾಸ್ಟಿಕ್ಕಿಂದು ತಂದು ನನಗ ಮಸಿ ಬಳೀಬ್ಯಾಡ್ರಿ."

"ಒಮ್ಮಿಗ್ಲೇ ಆರತೈತವ್ವಾ ಇದು. ಹೇಳೂದಿಲ್ಲ."

"ಹೇಳದಿದ್ರ ಬಿಡ್ಲಿ. ನನ್ನ ಗಂಡನೂ ಏನೂ ಹೇಳೂದಿಲ್ಲ, ಅವನ್ನ ಹೊಳ್ಳಿ ಕೊಟ್ಟೀನೇನು?"

ಅವರು ಬಹಳ ಹೊತ್ತು ನಕ್ಕರು. ಆಮೇಲೆ ಸೋತವರಂತೆ ಅಲ್ಲಿಯ ಕಟ್ಟೆಯ ಮೇಲೆ ಕೂತು, ದಿನಾ ಸಂಜೆ ದೇವರಿಗೆ ದೀಪ ಹಚ್ಚುವಾಗ ಇದಕ್ಕೂ ಚಾರ್ಜಿನ ವಾಯರು ಹಚ್ಚಬೇಕು, ಎಂದೂ ತಪ್ಪಿಸಬಾರದು ಎಂದು ಆಕೆಯ ಕಡೆಯಿಂದ ಮಾತು ತೆಗೆದುಕೊಂಡರು. ಹನ್ನೊಂದರಲ್ಲಿ ಹತ್ತು ವಾಪಸು ಬಂದವು. ಅವು ಅಂಗಡಿಯ ಮೇಲಿನ ಹಲಗೆಯ ಮೇಲೆ ಹೋದವು. ಯಾರಾದರೂ ಕೇಳಿದರೆ "ಮಾರೂದಿಲ್ರಿ" ಎನ್ನುತ್ತಿದ್ದರು.

ಅದಾದ ಮೇಲೆ ಹೊರಗೆ ಏನೂ ಬದಲಾಗಲಿಲ್ಲ. ನಾನು ರೋಣಕ್ಕೆ ಹೋದಾಗ ಅಂಗಡಿಗೆ ಹೋಗುತ್ತಿದ್ದೆ, ಅವರು ಚಹ ತರಿಸುತ್ತಿದ್ದರು. ಜಕ್ಕಲಿ ಕಡೆಯ ಗಿರಾಕಿಗಳು ಮಾತ್ರ ಬರುವುದನ್ನು ಬಿಟ್ಟರು. ಒಬ್ಬ ಹಳೆಯ ಗಿರಾಕಿ ನನ್ನೆದುರೇ ಇನ್ನೊಬ್ಬನಿಗೆ, "ಆ ಅಂಗಡಿ ಬ್ಯಾಡೋ, ವಯಸ್ಸಾತು, ಸಾಮಾನ ತಿಳಿಯೂದಿಲ್ಲ ಅವರಿಗೆ" ಎಂದ. ನಾನು ಕೇಳಿಸಿಕೊಂಡೆ. ಬರುಬರುತ್ತ ನಾನೂ ಹೋಗುವುದನ್ನು ಕಡಿಮೆ ಮಾಡಿದೆ. ಹೋಗದಿದ್ದರೆ ಅಂಗಡಿ ಹೇಗಿದೆಯೆಂದು ತಿಳಿಯುವುದಿಲ್ಲ, ತಿಳಿಯದಿದ್ದರೆ ಏನೂ ಮಾಡಬೇಕಾಗಿಲ್ಲ.

ಅವರು ತೀರಿಕೊಂಡು ಮೂರು ವಾರದ ಮೇಲೆ ನಾನು ಜಕ್ಕಲಿಗೆ ಹೋದೆ. ದುಃಖದಿಂದ ಹೋದೆ ಎಂದು ಹೇಳಲಾರೆ. ಅಂದಿನಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ, ಊಟ ನಿದ್ದೆ ಎಲ್ಲ ಸರಿಯಾಗಿತ್ತು. ಮಾಡದೇ ಉಳಿದ ಒಂದು ಕೆಲಸ ಎಂದು ಹೋದೆ. ಬೆಳಗಿನ ಹನ್ನೊಂದು ಗಂಟೆ. ಆ ರೈತ ಮನೆಯ ಮುಂದಿನ ಕಟ್ಟೆಯ ಮೇಲೆ ಒಂದು ಕಾಲು ನೀಡಿ ಕೂತು ಹಗ್ಗ ಹೊಸೆಯುತ್ತಿದ್ದ. ಅವನನ್ನು ನಾನು ನೋಡುತ್ತಿದ್ದದ್ದು ಅದೇ ಮೊದಲು. ರೋಣದಿಂದ ಬಂದೆ, ಬ್ಯಾಟ್ರಿ ಅಂಗಡಿಯವರಿಗೆ ಗುರುತಿನವನು ಎಂದೆ.

"ಮಾಸ್ತರೇನು?" ಎಂದ. "ಕೂಡ್ರಿ. ಅವರು ಹೇಳ್ತಿದ್ರು ನಿಮ್ಮ ಸುದ್ದಿ. ಗಿಡಕ್ಕ ಬ್ಯಾಟ್ರಿ ಬಿಟ್ಟ ನೋಡ್ತೀರಂತಲ್ಲ."

ನೀರು ಬಂತು, ಕುಡಿದೆ. ಆಮೇಲೆ ಹೇಳಿದೆ. ಆ ಬ್ಯಾಟ್ರಿ ಆರಿಸಿದ್ದು ನಾನು. ಕೆಂಪು ದೀಪ ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಆರಿಸಿದೆ. ನಿಮ್ಮ ಅಣ್ಣ ಬಂದು ಕೇಳಿದಾಗ ಪಕ್ಕದಲ್ಲೇ ಕೂತಿದ್ದೆ, ಸುಮ್ಮನಿದ್ದೆ. ಅವರದು ಏನೂ ತಪ್ಪಿರಲಿಲ್ಲ. ಇಷ್ಟು ಹೇಳಲು ನಾನು ತಿಳಿದುಕೊಂಡಷ್ಟು ಹೊತ್ತು ಬೇಕಾಗಲಿಲ್ಲ.

ಆತ ಹೊಸೆಯುತ್ತಲೇ ಇದ್ದ.

"ಹಂಗಾರ ಅವರು ಯಾಕ ಬರ್ತಿದ್ರು?" ಎಂದು ಕೇಳಿದ.

"ಎಲ್ಲಿಗೆ?"

"ಇಲ್ಲಿಗೆ. ಎರಡ ವರ್ಷ ಆತು. ಸಂತಿ ಮರುದಿನ ಅಂಗಡಿ ಮುಚ್ಚಿ, ಬಸ್ ಹಿಡದು. ಒಂದ ವಾರ ತಪ್ಪಿಸಿಲ್ಲ. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ.

"ಮೊಣಕಾಲ ಮಡಚಿ ಮಡಚಿ ಬಿಡಸ್ಬೇಕು ಅಂದಿದ್ರು ಡಾಕ್ಟರು, ಇಲ್ಲಂದ್ರ ಕಟಿಗಿ ಆಕ್ಕೈತಿ ಅಂತ. ಮನ್ಯಾಗಿನವರು ಮಾಡ್ತಾರ, ಆದ್ರ ನಾ ಚೀರಿದ್ನೆಂದ್ರ ಕೈ ಬಿಡ್ತಾರ. ಅವರು ಬಿಡ್ತಿರಲಿಲ್ಲ. ನಾ ಬೈತಿದ್ದೆ, ಬಾಯಿಗೆ ಬಂದದ್ದೆಲ್ಲ ಬೈತಿದ್ದೆ. 'ಬೈಯೋ, ನನ್ನ ತಪ್ಪೈತಿ, ಬೈ' ಅನ್ಕೋತ ಮಡಚೋರು." ಆತ ಹಗ್ಗದ ತುದಿಯನ್ನು ಕಾಲ ಬೆರಳಿಗೆ ಸಿಕ್ಕಿಸಿ ಎಳೆದ. "ಈಗ ನೀವು ಬಂದು ತಪ್ಪು ನಂದು ಅಂತೀರಿ. ಮತ್ತ ಅವರು ಬಂದದ್ದೆಲ್ಲ ಏನಾತು? ನಾ ಬೈದದ್ದು ಯಾರಿಗೆ ಆತು?"

ಗೊತ್ತಿಲ್ಲ ಎಂದೆ.

ಆತ ಮತ್ತೆ ಹಗ್ಗ ಹೊಸೆಯತೊಡಗಿದ. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ನಾನು ಎದ್ದು ಹೋಗಬೇಕೆಂದು ಕಾಯುತ್ತಿದ್ದಾನೆಂದು ತಿಳಿದು ಚಪ್ಪಲಿಗೆ ಕಾಲು ಚಾಚಿದೆ.

"ಮೂರು ವಾರ ಆತು ಯಾರೂ ಸರಿಯಾಗಿ ಮಡಚಿಲ್ಲ" ಎಂದ. "ಮತ್ತ ಬಿಗಿಯಾಕತ್ತೈತಿ."

ಹಗ್ಗವನ್ನು ಪಕ್ಕಕ್ಕಿಟ್ಟು, ಧೋತರ ಮೇಲಕ್ಕೆ ಸರಿಸಿ, ಆ ಕಾಲನ್ನು ಎರಡೂ ಕೈಯಿಂದ ಎತ್ತಿ ನನ್ನ ಕಡೆ ತಿರುಗಿಸಿದ. ಮೊಣಕಾಲಿನ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತು ಇತ್ತು.

"ಹಿಮ್ಮಡದ ಕೆಳಗ ಒಂದ ಕೈ ಇಡ್ರಿ. ತೊಡಿ ಕೆಳಗ ಒಂದು. ಈಗ ನೂಕ್ರಿ. ನೋವಾದ್ರ ಹೇಳ್ತೀನಿ."

ಕಾಲು ನಾನು ತಿಳಿದದ್ದಕ್ಕಿಂತ ಭಾರವಿತ್ತು. ನೂಕಿದೆ. ಮೊಣಕಾಲು ಸ್ವಲ್ಪ ಮಡಚಿತು, ಅಲ್ಲಿಗೆ ನಿಂತಿತು. ಅವನ ಮುಖ ನೋಡಿದೆ. ಹಣೆಯ ಮೇಲೆ ಬೆವರು ಬಂದಿತ್ತು, ಆದರೆ ಆತ ಏನೂ ಹೇಳಲಿಲ್ಲ. ಇನ್ನಷ್ಟು ನೂಕಿದೆ.